ಗೋಡೆ ಓರೆ, ಬೀರು ನೆಟ್ಟಗೆ

ಹಳೆಯ ಮಾಳಿಗೆ ಮನೆಗೆ ಹೊಸ ಬಿಡಿಭಾಗಗಳ ಬೀರು ಬಂದಾಗ

ಹೊಸಪೇಟೆಯಿಂದ ಬಳ್ಳಾರಿಗೆ ಹೋಗುವ ರೈಲುದಾರಿಯಲ್ಲಿ ದರೋಜಿ ಒಂದು ಸಣ್ಣ ನಿಲ್ದಾಣ. ಸುತ್ತಲೂ ಒಂದರ ಮೇಲೊಂದು ಪೇರಿಸಿಟ್ಟಂತೆ ಕಾಣುವ ಹೆಬ್ಬಂಡೆಗಳ ಗುಡ್ಡಗಳು. ಅವುಗಳ ಸಂದಿಯಲ್ಲಿ ಕರಡಿಗಳ ವಾಸ. 1994ರಲ್ಲಿ ಕರಡಿಧಾಮವೆಂದು ಘೋಷಿತವಾದ ಮೇಲೆ ಈ ಊರಿನ ಹೆಸರು ಪ್ರವಾಸಿಗರ ಬಾಯಲ್ಲಿಯೂ ಬಂದಿತು. ಆದರೆ ಪ್ರವಾಸಿಗರು ಕರಡಿಯನ್ನು ಕಂಡು ಹಂಪಿಯ ಕಡೆಗೆ ಹೊರಟುಬಿಡುತ್ತಾರೆ. ಊರೊಳಗಿನ ಹಳೆಯ ಮಾಳಿಗೆ ಮನೆಗಳ ಮುಂದೆ ನಿಲ್ಲುವವರು ವಿರಳ.

ನಿಂತು ನೋಡಬೇಕಾದ ಮನೆಗಳು ಅವು. ಎರಡಡಿ ದಪ್ಪದ ಕಲ್ಲುಮಣ್ಣಿನ ಗೋಡೆ, ತಲೆ ತಗ್ಗಿಸಿ ಒಳಹೋಗಬೇಕಾದ ಬಾಗಿಲು, ಪಡಸಾಲೆಯಲ್ಲಿ ಮರದ ಕಂಬ, ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಅದರ ಮೇಲೆ ಮಳೆನೀರು ಇಳಿಯದಂತೆ ಬಡಿದು ಕೂಡಿಸಿದ ಚೌಳುಮಣ್ಣಿನ ಮಾಳಿಗೆ. ಗೋಡೆಯ ದಪ್ಪದಲ್ಲಿಯೇ ಕೊರೆದ ಗೂಡುಗಳುಂಟು: ಒಂದರಲ್ಲಿ ದೀಪ, ಒಂದರಲ್ಲಿ ಎಲೆಅಡಿಕೆಯ ತಟ್ಟೆ, ಮತ್ತೊಂದರಲ್ಲಿ ಲೆಕ್ಕದ ಪುಸ್ತಕ. ಹೊಸಪೇಟೆ, ಕಂಪ್ಲಿ, ಸಂಡೂರು ಸೀಮೆಯ ಅನೇಕ ಸಂಸಾರಗಳಿಗೆ ಇಂಥ ಒಂದು ಮನೆಯ ನೆನಪಾದರೂ ಇದೆ. ಮನೆಯೇ ಉಳಿದವರ ಸಂಖ್ಯೆ ಮಾತ್ರ ಕಡಿಮೆಯಾಗುತ್ತ ಬಂದಿದೆ.

ಅಂಥ ಒಂದು ಮನೆಗೆ ರಟ್ಟಿನ ಪೆಟ್ಟಿಗೆಗಳಲ್ಲಿ ಚಪ್ಪಟೆಯಾಗಿ ಬರುವ ಹೊಸ ಕಾಲದ ಬೀರು ಪ್ರವೇಶಿಸಿದಾಗ ಏನಾಗುತ್ತದೆ? ಬೀರು ಮನೆಗೆ ಹೊಂದಿಕೊಳ್ಳಬೇಕೋ, ಮನೆ ಬೀರುವಿಗೆ ಹೊಂದಿಕೊಳ್ಳಬೇಕೋ? ಪ್ರಶ್ನೆ ತಮಾಷೆಯದೆಂದು ತೋರಬಹುದು. ಆದರೆ ಎಷ್ಟೋ ಮನೆಗಳಲ್ಲಿ ಗೋಡೆಗೆ ಮೊದಲ ಹಾರೆ ಬೀಳುವುದು ಇಂಥದೊಂದು ಸಣ್ಣ ನೆಪದಿಂದಲೇ.

ಹಲಗೆ ಬಂದವು, ಬೀರು ಎಲ್ಲಿ?

ವಿಷಯವನ್ನು ಸ್ಪಷ್ಟಪಡಿಸುವುದಕ್ಕಾಗಿ ದರೋಜಿಯ ಒಂದು ಮನೆಯನ್ನು ಕಲ್ಪಿಸಿಕೊಳ್ಳಬಹುದು. ಇದು ಯಾವ ಒಬ್ಬರ ಮನೆಯೂ ಅಲ್ಲ. ಆದರೆ ಈ ಸೀಮೆಯ ಓದುಗರಿಗೆ ಇದು ತಮ್ಮ ಮನೆಯಂತೆಯೇ ಕಂಡರೆ ಆಶ್ಚರ್ಯವಿಲ್ಲ.

ಮನೆಯಲ್ಲಿ ಎಪ್ಪತ್ತು ದಾಟಿದ ಅಜ್ಜಿ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಕೆಲಸ ಮಾಡುವ ಮೊಮ್ಮಗ, ಅವನ ಹೆಂಡತಿ, ಶಾಲೆಗೆ ಹೋಗುವ ಒಂದು ಮಗು. ಮಾಳಿಗೆ ಸೋರುತ್ತಿದ್ದುದರಿಂದ ದುರಸ್ತಿಗೆ ಕೈಹಾಕಿದ್ದಾರೆ. ಗೋಡೆಗೆ ಸುಣ್ಣ, ಮಾಳಿಗೆಗೆ ಹೊಸ ಮಣ್ಣು, ನಡುಮನೆಯ ಉದ್ದಗೋಡೆಗೆ ಒಂದು ದೊಡ್ಡ ಬೀರು — ಇಷ್ಟು ಯೋಜನೆ. ಗಂಡಹೆಂಡಿರು ಅಳತೆ ಹಿಡಿದು, ಬೆಂಗಳೂರಿನಿಂದ ಬೀರುವನ್ನು ತರಿಸಿದರು. ಒಂದು ಸಂಜೆ ಸಾಮಾನಿನ ಆಟೋ ಮನೆಯ ಮುಂದೆ ನಿಂತಿತು. ಒಂದಾದ ಮೇಲೊಂದು ಉದ್ದನೆಯ ಚಪ್ಪಟೆ ಪೆಟ್ಟಿಗೆಗಳು ಇಳಿದವು.

ಅಜ್ಜಿ ಕಟ್ಟೆಯ ಮೇಲಿಂದಲೇ ಕೇಳಿದಳು: “ಬೀರು ತರಿಸೀನಿ ಅಂದಿದ್ದೆಲ್ಲೋ ತಮ್ಮಾ? ಬರೀ ಹಲಗಿ ಬಂದಾವು!”

“ಇದರಾಗೇ ಬೀರು ಐತಜ್ಜೀ. ನಾವೇ ಜೋಡಿಸಿಕೋಬೇಕು.”

“ಅಂದ್ರ ರೊಕ್ಕಾನೂ ನಾವೇ ಕೊಟ್ಟು ಕೆಲಸಾನೂ ನಾವೇ ಮಾಡಬೇಕೇನು?”

ಅಜ್ಜಿಯ ಮಾತಿನಲ್ಲಿ ಈ ವ್ಯಾಪಾರದ ಗುಟ್ಟೆಲ್ಲ ಅಡಗಿದೆ. ಜೋಡಿಸುವ ಕೂಲಿಯೂ, ಗಾಳಿಯನ್ನು ತುಂಬಿಕೊಂಡ ಪೆಟ್ಟಿಗೆಯನ್ನು ಊರಿಂದೂರಿಗೆ ಸಾಗಿಸುವ ಬಾಡಿಗೆಯೂ ಉಳಿಯುವುದರಿಂದಲೇ ಈ ಸಾಮಾನು ಅಗ್ಗವಾಗಿ ದೊರೆಯುತ್ತದೆ.

ಮೂವತ್ತಾರು ಕುರ್ಚಿ, ಒಂದು ಪೆಟ್ಟಿಗೆ

ಈ ಉಪಾಯ ಇಂದು ನಿನ್ನೆಯದಲ್ಲ. ಆಸ್ಟ್ರಿಯಾದ ವಿಯೆನ್ನಾ ನಗರದಲ್ಲಿ ಮೈಕೇಲ್ ಥೋನೆಟ್ ಎಂಬ ಕುಶಲಿ ಮರವನ್ನು ಹಬೆಯಲ್ಲಿ ಮೆತ್ತಗಾಗಿಸಿ ಬಾಗಿಸುವ ವಿಧಾನವನ್ನು ಸಾಧಿಸಿದ್ದನು. ಅವನ ಸಂಸ್ಥೆ 1859ರಲ್ಲಿ ಹೊರತಂದ ಹದಿನಾಲ್ಕನೆಯ ಸಂಖ್ಯೆಯ ಕುರ್ಚಿಯಲ್ಲಿದ್ದುದು ಆರು ಮರದ ಭಾಗ, ಹತ್ತು ತಿರುಪು, ಎರಡು ನಟ್ಟು — ಇಷ್ಟೇ. ಬಿಡಿಸಿಟ್ಟ ಮೂವತ್ತಾರು ಕುರ್ಚಿಗಳು ಒಂದು ಘನ ಮೀಟರಿನ ಪೆಟ್ಟಿಗೆಯಲ್ಲಿ ಹಿಡಿಯುತ್ತಿದ್ದವು. ಹಡಗಿನಲ್ಲಿ ದೇಶದೇಶಗಳಿಗೆ ಹೋದ ಆ ಕುರ್ಚಿ ಲೋಕದ ಕಾಫಿ ಅಂಗಡಿಗಳನ್ನೆಲ್ಲ ತುಂಬಿತು.

ಸುಮಾರು ಒಂದು ಶತಮಾನದ ಅನಂತರ, 1956ರ ಹೊತ್ತಿಗೆ, ಸ್ವೀಡನ್ನಿನ ಐಕಿಯಾ ಸಂಸ್ಥೆ ಈ ಮಾರ್ಗವನ್ನು ಹಿಡಿಯಿತು. ಕಾರಿನೊಳಗೆ ಹಿಡಿಸದ ಒಂದು ಮೇಜಿನ ಕಾಲುಗಳನ್ನು ಬಿಚ್ಚಿದಾಗ ಅಲ್ಲಿನ ನೌಕರ ಗಿಲ್ಲಿಸ್ ಲುಂಡ್‌ಗ್ರೆನ್ನನಿಗೆ ಈ ಯೋಚನೆ ಹೊಳೆಯಿತೆಂದು ಆ ಸಂಸ್ಥೆಯವರು ಹೇಳುವ ಕಥೆ ಪ್ರಸಿದ್ಧವಾಗಿದೆ. ಆ ಸಂಸ್ಥೆಯ ಮೊದಲ ಭಾರತೀಯ ಮಳಿಗೆ 2018ರಲ್ಲಿ ಹೈದರಾಬಾದಿನಲ್ಲಿಯೂ, ಬೆಂಗಳೂರಿನ ನಾಗಸಂದ್ರದ ಮಳಿಗೆ 2022ರಲ್ಲಿಯೂ ಬಾಗಿಲು ತೆರೆದವು. ಇಷ್ಟರಲ್ಲಿ ನಮ್ಮ ದೇಶದ ಕಾರ್ಖಾನೆಗಳೂ ಇದೇ ಬಗೆಯ ಸಾಮಾನನ್ನು ಮಾಡತೊಡಗಿದ್ದವು. ಈಗ ಜಿಲ್ಲಾ ಕೇಂದ್ರದ ಅಂಗಡಿಯಲ್ಲಿಯೂ ‘ಮಾಡ್ಯುಲರ್’ ಎಂಬ ಮಾತು ಸಾಮಾನ್ಯ.

ಮಾಡ್ಯುಲರ್ ಎಂದರೆ ಗೊತ್ತಾದ ಅಳತೆಯ ತುಂಡುಗಳಿಂದ ಕೂಡಿಸಿದ್ದು. ಬೀರುವಿನ ಪಕ್ಕದ ಹಲಗೆಯಲ್ಲಿ ಸಾಲಾಗಿ ಸಣ್ಣ ತೂತುಗಳಿರುವುದನ್ನು ಎಲ್ಲರೂ ನೋಡಿರಬಹುದು. ಒಂದು ತೂತಿನ ನಡುವಿನಿಂದ ಇನ್ನೊಂದರ ನಡುವಿಗೆ ಸರಿಯಾಗಿ 32 ಮಿಲಿಮೀಟರು. ಬಾಗಿಲಿನ ಕೀಲು ಕೂರುವ ಬಟ್ಟಲಿನ ಅಗಲ 35 ಮಿಲಿಮೀಟರು. ಹಲಗೆ ಒಂದು ಕಾರ್ಖಾನೆಯದು, ಕೀಲು ಇನ್ನೊಂದರದು, ಜಾರುಪಟ್ಟಿ ಮತ್ತೊಂದರದು ಆದರೂ ಮೂರೂ ಕೂಡಿಕೊಳ್ಳುವುದು ಈ ಒಪ್ಪಂದದ ಬಲದಿಂದ. ಕಾರ್ಖಾನೆಗಳು ತಮ್ಮತಮ್ಮಲ್ಲಿ ಒಪ್ಪಂದ ಮಾಡಿಕೊಂಡವು. ಗೋಡೆಯೊಡನೆ ಮಾತ್ರ ಯಾರೂ ಮಾಡಿಕೊಳ್ಳಲಿಲ್ಲ!

ಈ ಸೀಮೆಗೆ ಹೊಸದೇ?

ಬಿಚ್ಚಿ ಜೋಡಿಸುವ ಸಾಮಾನು ಈ ನೆಲಕ್ಕೆ ಅಪರಿಚಿತವೆಂದು ತಿಳಿಯಬೇಕಾಗಿಲ್ಲ. ಹಂಪಿಯ ಮಹಾನವಮಿ ದಿಬ್ಬಕ್ಕೆ ಸಮೀಪದಲ್ಲಿ ಒಂದು ಸಭಾಮಂದಿರದ ತಳಪಾಯವುಂಟು. ಸಾಲಿಗೆ ಹತ್ತರಂತೆ ನೂರು ಕಂಬಗಳನ್ನು ನಿಲ್ಲಿಸಿದ್ದ ಕಲ್ಲಿನ ನೆಲೆಗಳು ಅಲ್ಲಿ ಕಾಣಸಿಗುತ್ತವೆ. ಕಂಬಗಳು ಮರದವಾಗಿದ್ದವು. 1565ರ ಯುದ್ಧದ ಬಳಿಕ ನಗರ ಹಾಳಾದಾಗ ಮರವೆಲ್ಲ ಹೋಯಿತು, ಕಲ್ಲು ಉಳಿಯಿತು. ಸುಮಾರು 1520ರಲ್ಲಿ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಮಹಾನವಮಿಯ ಒಂಬತ್ತು ದಿನಗಳಿಗಾಗಿ ಎತ್ತಿ ನಿಲ್ಲಿಸಿ ಸಿಂಗರಿಸಿದ್ದ ಮಂಟಪಗಳನ್ನು ವರ್ಣಿಸಿದ್ದಾನೆ. ಹಬ್ಬಕ್ಕೆ ಕಟ್ಟುವುದು, ಹಬ್ಬ ಮುಗಿದ ಮೇಲೆ ಬಿಚ್ಚುವುದು ಈ ನೆಲದ ಬಡಗಿಗಳಿಗೆ ತಿಳಿಯದ ವಿದ್ಯೆಯೇನಲ್ಲ.

ಅಷ್ಟು ದೂರವೂ ಹೋಗಬೇಕಾಗಿಲ್ಲ. ಪುರಾಣ ಓದುವವರ ಮುಂದಿರುವ ವ್ಯಾಸಪೀಠವನ್ನು ನೋಡಬಹುದು. ಒಂದೇ ಹಲಗೆಯನ್ನು ಸೀಳಿ, ನಡುವೆ ಮರದಲ್ಲಿಯೇ ಕೀಲು ಬಿಡಿಸಿ, ಬೇಕಾದಾಗ ತೆರೆದು ಬೇಡವಾದಾಗ ಮಡಿಸಿ ಗೂಡಿನಲ್ಲಿಡುವ ಆ ಪೀಠಕ್ಕಿಂತ ಚಪ್ಪಟೆಯಾದ ಪೀಠೋಪಕರಣ ಯಾವುದಿದೆ? ದರೋಜಿಯ ಹೆಸರನ್ನು ನಾಡಿಗೆಲ್ಲ ಪರಿಚಯಿಸಿದ ಬುರ್ರಕಥೆಯ ಈರಮ್ಮ (1930–2014) ಹುಟ್ಟಿದ್ದು ಅಲೆಮಾರಿ ಕಲಾವಿದರ ಬುಡ್ಗಜಂಗಮ ಸಮುದಾಯದಲ್ಲಿ. ಊರಿಂದೂರಿಗೆ ಹಾಡುತ್ತ ಹೋಗುವವರ ಮನೆಸಾಮಾನು ಹೊರೆಯಾಗಿ ಕಟ್ಟಲು ಬರುವಂತಿರಬೇಕು. ಹೊರಲಾಗದ ವಸ್ತುವಿಗೆ ಅಂಥ ಬಾಳಿನಲ್ಲಿ ಸ್ಥಳವಿಲ್ಲ.

ಆದ್ದರಿಂದ ಹೊಸದಾಗಿ ಬಂದದ್ದು ಬಿಚ್ಚುವ ಬೀರುವಲ್ಲ. ಗೋಡೆಗಳೆಲ್ಲ ನೆಟ್ಟಗೆ, ಮೂಲೆಗಳೆಲ್ಲ ಕಾಟಕೋನ, ನೆಲವೆಲ್ಲ ಸಮತಟ್ಟು ಎಂಬ ಅದರ ನಂಬಿಕೆ ಹೊಸದು.

ಅಳತೆಯ ಪಾಠ

ಕಲ್ಪನೆಯ ಮನೆಯಲ್ಲಿ ಆ ನಂಬಿಕೆ ಮೊದಲ ದಿನವೇ ಮುರಿಯಿತು. ದಂಪತಿಗಳು ಉದ್ದಗೋಡೆಯನ್ನು ನೆಲದ ಮಟ್ಟದಲ್ಲಿ ಅಳೆದಿದ್ದರು: 344 ಸೆಂಟಿಮೀಟರು. ತಲಾ 100 ಸೆಂಟಿಮೀಟರಿನ ಮೂರು ಬೀರು, 40 ಸೆಂಟಿಮೀಟರಿನ ಒಂದು ಸಣ್ಣ ಬೀರು, ಒಟ್ಟು 340. ನಾಲ್ಕು ಸೆಂಟಿಮೀಟರು ಉಳಿಯುವುದೆಂದು ಅವರ ಲೆಕ್ಕ. ಆದರೆ ಮಣ್ಣಿನ ಗೋಡೆ ಕೆಳಗೆ ಒಂದು ಅಳತೆ, ಮೇಲೆ ಒಂದು ಅಳತೆ. ಎದೆಯ ಎತ್ತರದಲ್ಲಿ 341. ತೊಲೆಯ ಹತ್ತಿರ 338. ನಾಲ್ಕು ಬೀರುಗಳೂ ಒಟ್ಟಿಗೆ ನಿಲ್ಲುವಂತೆಯೇ ಇರಲಿಲ್ಲ.

ಎರಡನೆಯ ಪೆಟ್ಟು ಎತ್ತರದ್ದು. ಬೀರುವಿನ ಎತ್ತರ 236, ನೆಲದಿಂದ ತೊಲೆಗೆ 240. ಹಿಡಿಸುವುದಲ್ಲವೇ? ನಿಂತ ಬೀರು ಹಿಡಿಸುವುದು ನಿಜ. ಆದರೆ ನೆಲದ ಮೇಲೆ ಮಲಗಿಸಿ ಜೋಡಿಸಿದ ಬೀರುವನ್ನು ಎತ್ತಿ ನಿಲ್ಲಿಸುವಾಗ ಅದರ ಮೂಲೆಯಿಂದ ಮೂಲೆಯ ಉದ್ದ ತೊಲೆಯನ್ನು ದಾಟಬೇಕು. 236 ಎತ್ತರ, 60 ಆಳವಿರುವ ಪೆಟ್ಟಿಗೆಯ ಆ ಓರೆಯುದ್ದ 243.5 ಸೆಂಟಿಮೀಟರು. ಶಾಲೆಯಲ್ಲಿ ಕಲಿತ ಪೈಥಾಗೊರಸನ ಪ್ರಮೇಯ ನಡುಮನೆಯಲ್ಲಿ ಎದುರು ಬಂದು ನಿಂತಿತು. ಎಲ್ಲವನ್ನೂ ಬಿಗಿದ ಮೇಲೆ ಬೀರು ಅರ್ಧಕ್ಕೆ ಎದ್ದು ತೊಲೆಗೆ ತಗುಲಿ ನಿಂತರೆ ಯಾರಿಗೆ ಸಿಟ್ಟು ಬರುವುದಿಲ್ಲ?

“ಈ ಮನೀನೇ ಓರೆ,” ಎಂದ ಮೊಮ್ಮಗ. “ನಡುವಿನ ಗೋಡೆ ತೆಗೆಸಿ ಇಟ್ಟಿಗೆಯಿಂದ ನೆಟ್ಟಗೆ ಕಟ್ಟಿಸಿಬಿಟ್ಟರೆ ಮುಗೀತು.”

ಸೊಸೆ ಸುಮ್ಮನಿದ್ದಳು. ಅಜ್ಜಿ ಆ ಗೋಡೆಯ ಗೂಡಿನ ಕಡೆಗೆ ನೋಡಿದಳು. ಅವಳು ಮದುವೆಯಾಗಿ ಈ ಮನೆಗೆ ಕಾಲಿಟ್ಟ ದಿನ ದೀಪ ಹಚ್ಚಿದ ಗೂಡು ಅದು. ಬೀರು ನಿಂತರೆ ಅದು ಹೇಗೂ ಮರೆಯಾಗುತ್ತಿತ್ತು. ಗೋಡೆ ಬಿದ್ದರೆ ಇಲ್ಲವೇ ಆಗುತ್ತಿತ್ತು. ಅವಳು ಬೇಡವೆನ್ನಲಿಲ್ಲ. “ಮನಿ ನಿಮ್ಮದು, ತಮ್ಮಾ,” ಎಂದಷ್ಟೇ ಹೇಳಿ ಒಳಗೆ ಹೋದಳು. ಬೇಡವೆಂದಿದ್ದರೆ ವಾದಿಸಬಹುದಾಗಿತ್ತು, ಈ ಮಾತಿಗೆ ಉತ್ತರವಿರಲಿಲ್ಲ.

ಗೋಡೆ ಹೊರುವ ಭಾರ

ಇಂಥ ಹೊತ್ತಿನಲ್ಲಿ ಮನೆಯವರು ತಿಳಿದಿರಬೇಕಾದ ಒಂದು ಲೆಕ್ಕವುಂಟು. ಮೂರು ಮೀಟರು ಅಗಲ, ನಾಲ್ಕು ಮೀಟರು ಉದ್ದದ ಕೋಣೆಯ ಮಾಳಿಗೆಯ ಮೇಲೆ ಸುಮಾರು ಒಂದಡಿ ಮಣ್ಣಿದೆಯೆಂದು ಹಿಡಿದರೆ ಅದು 3.6 ಘನ ಮೀಟರಾಯಿತು. ಘನ ಮೀಟರಿಗೆ ಸುಮಾರು 1,600 ಕಿಲೋ ತೂಗುವ ಒಣ ಮಣ್ಣಿನಲ್ಲಿ ಇದರ ಭಾರ ಐದೂಮುಕ್ಕಾಲು ಟನ್ನು. ಮಳೆಗೆ ನೆನೆದರೆ ಇನ್ನೂ ಹೆಚ್ಚು. ಈ ಭಾರವನ್ನು ಹೊತ್ತಿರುವುದು ತೊಲೆ, ಕಂಬ ಮತ್ತು ಇದೇ ಓರೆ ಗೋಡೆ. ಸಿಮೆಂಟಿನ ಕಂಬಗಳ ಮನೆಯಲ್ಲಿ ಕೆಲವು ಗೋಡೆಗಳು ಬರಿಯ ಪರದೆಗಳು; ಅವನ್ನು ತೆಗೆದರೂ ಚಾವಣಿ ನಿಲ್ಲಬಹುದು. ಮಾಳಿಗೆ ಮನೆಯಲ್ಲಿ ಗೋಡೆಯೇ ಕಂಬ. ತಿಳಿದವರಿಗೆ ತೋರಿಸದೆ, ತೊಲೆಗೆ ಆಸರೆ ಕೊಡದೆ ಗೋಡೆಗೆ ಹಾರೆ ಹಾಕುವುದೆಂದರೆ ಐದೂಮುಕ್ಕಾಲು ಟನ್ನಿನ ಕೆಳಗೆ ನಿಂತು ಜೂಜಾಡಿದಂತೆ.

ಗೋಡೆಯ ಓರೆಯೂ ಎಲ್ಲೆಡೆ ದೋಷವಲ್ಲ. ಬುಡದಲ್ಲಿ ದಪ್ಪ, ಮೇಲೆ ತೆಳು ಎಂದು ಒಂದು ಮುಖವನ್ನು ಒಳಕ್ಕೆ ವಾಲಿಸಿ ಕಟ್ಟುವುದು ಮಣ್ಣಿನ ಕೆಲಸದ ಹಳೆಯ ರೀತಿ. ಗೋಡೆ ನಿಲ್ಲುವುದೇ ಅದರಿಂದ. ಬೇಸಗೆಯಲ್ಲಿ ಹೊರಗೆ ನಲವತ್ತು ಡಿಗ್ರಿ ದಾಟಿದಾಗ ಒಳಗೆ ತಂಪನ್ನು ಕಾಯುವುದೂ ಆ ದಪ್ಪವೇ. ತುಂಗಭದ್ರೆಯ ಆಚೆಯ ಆನೆಗುಂದಿಯಲ್ಲಿ ಕಿಷ್ಕಿಂದಾ ಟ್ರಸ್ಟಿನವರು ಹಳೆಯ ಮನೆಗಳನ್ನು ಕೆಡವದೆ ದುರಸ್ತಿಮಾಡಿ ಅತಿಥಿಗಳ ವಾಸಕ್ಕೆ ಯೋಗ್ಯವಾಗಿಸಿದ್ದಾರೆ. ಹೊರಗಿನಿಂದ ಬಂದವರು ಹಣ ಕೊಟ್ಟು ಇರಬಯಸುವ ಗೋಡೆಗಳನ್ನು ಒಳಗಿನವರೇ ಒಂದು ಬೀರುವಿನ ಸಲುವಾಗಿ ಕೆಡವುವುದು ವಿಚಿತ್ರವಲ್ಲವೇ?

ಬಡಿಗೇರ ತಾತ ಬಂದನು

ಅದೃಷ್ಟವಶಾತ್ ಹಾರೆಗಿಂತ ಮೊದಲು ಬಡಿಗೇರ ತಾತ ಬಂದನು. ಪೆಟ್ಟಿಗೆಯೊಳಗೆ ಬಂದ ಆರು ಮೂಲೆಯ ಸಣ್ಣ ಕೀಲಿಯನ್ನು ಬೆರಳಲ್ಲಿ ತಿರುಗಿಸಿ ನೋಡಿ ನಕ್ಕನು. ಆಮೇಲೆ ಅದನ್ನು ಕೆಳಗಿಟ್ಟು ದಾರಕ್ಕೆ ಕಟ್ಟಿದ ತೂಗುಗುಂಡನ್ನು ತೊಲೆಯಿಂದ ಇಳಿಬಿಟ್ಟನು.

“ಗ್ವಾಡಿ ಬಿಚ್ಚಾಕ ಬರಂಗಿಲ್ಲ, ಬೀರು ಬಿಚ್ಚಾಕ ಬರತೈತಿ,” ಎಂದನು. “ಯಾವುದು ಬಗ್ಗಬೇಕು ನೀವೇ ಹೇಳ್ರಿ.”

ಅವನು ಮಾಡಿದ ಕೆಲಸವನ್ನು ಕ್ರಮವಾಗಿ ನೋಡುವುದು ಎಲ್ಲ ಗೃಹಸ್ಥರಿಗೂ ಉಪಯುಕ್ತ. ಮೊದಲು ಗೋಡೆಯನ್ನು ಬುಡ, ನಡು, ತುದಿ ಮೂರೆಡೆಗಳಲ್ಲಿ ಅಳೆದು, ಮೂರರಲ್ಲಿ ಚಿಕ್ಕದನ್ನೇ ನಿಜವಾದ ಅಳತೆಯೆಂದು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದನು. ಆಮೇಲೆ ನಾಲ್ಕನೆಯ ಸಣ್ಣ ಬೀರುವನ್ನು ಪಕ್ಕಕ್ಕಿಟ್ಟನು. ದೀಪದ ಗೂಡಿನ ಎಡಕ್ಕೆ ಎರಡು ಬೀರು, ಬಲಕ್ಕೆ ಒಂದು. ನಡುವೆ ಒಂದು ತೆರವು. ತೆರವಿನ ನಡುವೆ ದೀಪದ ಗೂಡು ಎಂದಿನಂತೆ ಉಳಿಯಿತು. ಅದರ ಎರಡೂ ಪಕ್ಕದ ಹಲಗೆಗಳಿಗೆ ಜ್ವಾಲೆಯ ಕಾವು ತಾಗದಂತೆ ದೀಪವನ್ನು ಗೂಡಿನ ಒಳಕ್ಕೆ, ಗೋಡೆಯ ದಪ್ಪದಲ್ಲಿಯೇ ಇಡಬೇಕೆಂದು ಕಟ್ಟುನಿಟ್ಟಾಗಿ ಹೇಳಿದನು.

ಮಾಡ್ಯುಲರ್ ಎಂಬುದರ ನಿಜವಾದ ಸೌಲಭ್ಯ ಇದೇ. ಒಂದು ತುಂಡನ್ನು ಕೈಬಿಟ್ಟರೂ ಉಳಿದವು ಪೂರ್ಣವಾಗಿಯೇ ಇರುತ್ತವೆ. ಮೂಲೆಯಿಂದ ಮೂಲೆಗೆ ತುಂಬಲೇಬೇಕೆಂಬ ಹಟವನ್ನು ಬಿಟ್ಟರೆ ಅರ್ಧ ಸಮಸ್ಯೆ ಮುಗಿಯುತ್ತದೆ.

ಜೋಡಿಸುವಾಗ ಪೆಟ್ಟಿಗೆಯನ್ನು ನೆಲದ ಮೇಲೆ ಮಲಗಿಸಲಿಲ್ಲ. ಪಕ್ಕದ ಎರಡು ಹಲಗೆಗಳನ್ನು ನಿಲ್ಲಿಸಿ ಇಬ್ಬರು ಹಿಡಿದುಕೊಂಡರು. ಕೆಳಗಿನ ಹಲಗೆ, ಮೇಲಿನ ಹಲಗೆಗಳನ್ನು ನಿಂತಲ್ಲಿಯೇ ಕೂಡಿಸಿದರು. ಆದ್ದರಿಂದ 243.5ರ ತೊಡಕು ಬರಲೇ ಇಲ್ಲ. ಹಿಂಬದಿಯ ತೆಳುಹಲಗೆಯನ್ನು ಹೊಡೆಯುವುದಕ್ಕೆ ಮೊದಲು ದಾರ ಹಿಡಿದು ಎರಡು ಕರ್ಣಗಳನ್ನೂ ಅಳೆದನು. ಎರಡೂ ಸಮವಾದರೆ ಪೆಟ್ಟಿಗೆ ಚೌಕವಾಗಿದೆಯೆಂದು ಅರ್ಥ. ಇಲ್ಲವಾದರೆ ಬಾಗಿಲುಗಳು ಎಂದೂ ಸರಿಯಾಗಿ ಮುಚ್ಚವು.

ಬಂಡೆ ಹಾಸಿದ ನೆಲ ನೀರು ಹರಿದುಹೋಗಲೆಂದು ಒಂದು ಕಡೆಗೆ ಇಳಿಜಾರಾಗಿತ್ತು. ಬೀರುವಿನ ಕೆಳಗೆ ಕಡಪ ಬಂಡೆಯ ಪಟ್ಟಿಗಳನ್ನಿಟ್ಟು, ತಗ್ಗಾದ ಕಡೆ ತೆಳುಬೆಣೆ ಸೇರಿಸಿ, ರಸಮಟ್ಟದ ಗುಳ್ಳೆ ನಡುವಿಗೆ ಬರುವವರೆಗೆ ಸರಿಪಡಿಸಿದನು. ಬಂಡೆಯ ಪಟ್ಟಿಯಿಂದ ಎರಡು ಲಾಭ: ಬೀರು ಮಟ್ಟವಾಗುತ್ತದೆ, ನೆಲ ತೊಳೆದ ನೀರೂ ಅದನ್ನು ಮುಟ್ಟುವುದಿಲ್ಲ.

ಕೊನೆಯಲ್ಲಿ ಅಂಚುಪಟ್ಟಿಯ ಕೆಲಸ. ನೆಟ್ಟಗೆ ನಿಂತ ಬೀರುವಿಗೂ ಓರೆ ಗೋಡೆಗೂ ನಡುವೆ ಕೆಳಗೆ ಅಗಲ, ಮೇಲೆ ಕಿರಿದಾದ ಬಿರುಕು ಉಳಿಯುತ್ತದಷ್ಟೆ. ಒಂದು ಉದ್ದನೆಯ ಪಟ್ಟಿಯನ್ನು ಗೋಡೆಗೆ ತಾಗಿಸಿ ಹಿಡಿದು, ಸಣ್ಣ ಮರದ ತುಂಡಿಗೆ ಪೆನ್ಸಿಲನ್ನು ಒತ್ತಿ ಹಿಡಿದು, ಆ ತುಂಡನ್ನು ಗೋಡೆಯ ಮೈಮೇಲೆ ಮೇಲಿಂದ ಕೆಳಕ್ಕೆ ಜಾರಿಸಿದನು. ಗೋಡೆಯ ಅಂಕುಡೊಂಕೆಲ್ಲ ಪಟ್ಟಿಯ ಮೇಲೆ ಗೆರೆಯಾಗಿ ಮೂಡಿತು. ಆ ಗೆರೆಯನ್ನು ಹಿಡಿದು ಗರಗಸದಿಂದ ಕೊಯ್ದಾಗ ಪಟ್ಟಿ ಗೋಡೆಗೆ ಅಂಟಿಕೊಂಡು ಕುಳಿತಿತು. ಕಾರ್ಖಾನೆಯ ಯಂತ್ರ ಮಾಡಲಾರದ ಕೆಲಸ ಇದೊಂದೇ. ಏಕೆಂದರೆ ಯಂತ್ರ ಆ ಗೋಡೆಯನ್ನು ಕಂಡಿಲ್ಲ.

ಮರವಲ್ಲದ ಮರ

ಈ ಬೀರುಗಳ ಮೈ ಹೆಚ್ಚಾಗಿ ಪಾರ್ಟಿಕಲ್ ಬೋರ್ಡಿನದು. ಮರದ ಚೂರುಗಳಿಗೆ ಅಂಟು ಬೆರೆಸಿ, ಬಿಸಿಮಾಡಿ ಒತ್ತಿ ಮಾಡಿದ ಹಲಗೆ ಅದು. ಎಂಟಡಿ ಉದ್ದ, ನಾಲ್ಕಡಿ ಅಗಲ, 18 ಮಿಲಿಮೀಟರು ದಪ್ಪದ ಒಂದು ಹಲಗೆ ಸುಮಾರು 35 ಕಿಲೋ ತೂಗುತ್ತದೆ. ನೋಡಲು ಮರದಂತಿದ್ದರೂ ಇದರ ಗುಣ ಬೇರೆ. ಆ ಗುಣವನ್ನು ಅರಿಯದೆ ಕತ್ತರಿಸಿದರೆ ಕೆಡುತ್ತದೆ.

ಮುಖ್ಯ ವೈರಿ ನೀರು. ಹೊಳಪಿನ ಮೇಲ್ಮೈಯಲ್ಲಿ ನೀರು ನಿಲ್ಲುವುದಿಲ್ಲ. ಆದರೆ ಕತ್ತರಿಸಿದ ಅಂಚಿನಲ್ಲಿ ಒಳಹೊಕ್ಕರೆ ಹಲಗೆ ಉಬ್ಬುತ್ತದೆ, ಒಣಗಿದ ಮೇಲೂ ಹಿಂದಿನಂತಾಗುವುದಿಲ್ಲ. ಆದ್ದರಿಂದ ಗರಗಸ ತಾಗಿದ ಅಂಚನ್ನು ಅದೇ ದಿನ ಅಂಚುಟೇಪಿನಿಂದಲೋ ಬಣ್ಣದಿಂದಲೋ ಮುಚ್ಚಬೇಕು. ಅಡಿಗೆಮನೆಯ ತೊಟ್ಟಿಯ ಕೆಳಗೆ, ಬಚ್ಚಲಿನ ಪಕ್ಕದಲ್ಲಿ ಈ ಹಲಗೆಯನ್ನು ಬಳಸದೆ ನೀರನ್ನು ತಡೆಯುವ ಪ್ಲೈವುಡ್ಡನ್ನು ಹಾಕುವುದು ಲೇಸು. ಐ.ಎಸ್. 710 ಎಂಬ ಮುದ್ರೆಯಿದ್ದರೆ ಅದು ಹಡಗಿನ ಕೆಲಸದ ದರ್ಜೆಯ ಪ್ಲೈವುಡ್ಡೆಂದು ತಿಳಿಯಬೇಕು.

ಎತ್ತರ ಕಡಿಮೆ ಮಾಡಬೇಕಾದಲ್ಲಿ ಎರಡು ಪಕ್ಕದ ಹಲಗೆಗಳನ್ನೂ ಒಂದೇ ತುದಿಯಿಂದ ಒಂದೇ ಅಳತೆಗೆ ಕೊಯ್ಯಬೇಕು. ಇಲ್ಲವಾದರೆ ತೂತುಗಳ ಸಾಲು ತಪ್ಪಿ ಒಳಗಿನ ಹಲಗೆಗಳೆಲ್ಲ ಓರೆಯಾಗುತ್ತವೆ. ತಿರುಪನ್ನು ಮತ್ತೆ ಮತ್ತೆ ಬಿಚ್ಚಿ ಬಿಗಿದರೆ ಚೂರು ಉದುರಿ ಹಿಡಿತ ಹೋಗುತ್ತದೆ. ಸಡಿಲಾದ ತೂತನ್ನು ದೊಡ್ಡದು ಮಾಡಿ, ಗಟ್ಟಿಮರದ ಗೂಟವನ್ನು ಅಂಟಿನೊಡನೆ ಹೊಡೆದು, ಒಣಗಿದ ಮೇಲೆ ಅದರೊಳಗೆ ತಿರುಪು ಹಾಕುವುದು ಬಡಗಿಯ ಉಪಾಯ. ಬೇವಿನ ಚೂರೇ ಸಾಕು.

ಹಲಗೆ ಉದ್ದವಾದಷ್ಟೂ ಬಾಗುವುದು ಹೆಚ್ಚು, ಅದೂ ಮನಸ್ಸಿಗೆ ತೋಚುವುದಕ್ಕಿಂತ ಬಹಳ ಹೆಚ್ಚು. ಒಂದೇ ದಪ್ಪದ ಹಲಗೆಯ ಮೇಲೆ ಪುಸ್ತಕಗಳನ್ನು ಒತ್ತೊತ್ತಾಗಿ ತುಂಬಿದಾಗ 60 ಸೆಂಟಿಮೀಟರಿನದಕ್ಕಿಂತ 90 ಸೆಂಟಿಮೀಟರಿನದು ಐದು ಪಟ್ಟು ಬಾಗುತ್ತದೆ. ಕೆಳಗೆ ಒಂದು ಮರದ ಪಟ್ಟಿಯನ್ನು ಕೊಡುವುದು, ಇಲ್ಲವೇ ನಡುವೆ ಒಂದು ಆಸರೆ ನಿಲ್ಲಿಸುವುದು ಇದಕ್ಕೆ ಪರಿಹಾರ.

ಗೆದ್ದಲಿನ ಸೀಮೆಯಲ್ಲಿ ಬೀರುವಿನ ಬೆನ್ನನ್ನು ಗೋಡೆಗೆ ಒತ್ತಬಾರದು. ಎರಡು ಮೂರು ಸೆಂಟಿಮೀಟರು ತೆರವಿದ್ದರೆ ಗಾಳಿ ಆಡುತ್ತದೆ, ಗೋಡೆಯ ತೇವ ತಾಗುವುದಿಲ್ಲ, ಗೆದ್ದಲಿನ ಮಣ್ಣಿನ ಗೆರೆ ಏರಿದರೆ ದೀಪ ಹಿಡಿದು ನೋಡಲೂಬಹುದು.

ಮಕ್ಕಳಿರುವ ಮನೆಗೆ ಒಂದು ಎಚ್ಚರ

ಎತ್ತರದ ಬೀರು, ಡ್ರಾಯರುಗಳ ಪೆಟ್ಟಿಗೆ ಇವುಗಳನ್ನು ಬಿಗಿಯದೆ ಬಿಡುವುದು ಅಪಾಯಕರ. ಮಗು ತೆರೆದ ಡ್ರಾಯರಿನ ಮೇಲೆ ಕಾಲಿಟ್ಟು ಏರಿದರೆ ಇಡೀ ಪೆಟ್ಟಿಗೆ ಮುಂದಕ್ಕೆ ಉರುಳುತ್ತದೆ. ಹೀಗೆ ಮಕ್ಕಳು ಸತ್ತುದರಿಂದ 2016ರಲ್ಲಿ ಅಮೆರಿಕದಲ್ಲಿ ಸುಮಾರು 2 ಕೋಟಿ 90 ಲಕ್ಷ ಪೆಟ್ಟಿಗೆಗಳನ್ನು ಹಿಂದಕ್ಕೆ ಪಡೆಯುವ ಘೋಷಣೆಯಾಯಿತು.

ಪೆಟ್ಟಿಗೆಯೊಡನೆ ಬರುವ ಪ್ಲಾಸ್ಟಿಕ್ ಬೆಣೆ, ತಿರುಪುಗಳು ಸಿಮೆಂಟು ಅಥವಾ ಇಟ್ಟಿಗೆಯ ಗೋಡೆಗೆ ಹೇಳಿದವು. ಮಣ್ಣಿನ ಗೋಡೆಯಲ್ಲಿ ಅವು ಎಳೆದ ಕೂಡಲೇ ಕಿತ್ತುಬರುತ್ತವೆ. ಬಡಿಗೇರ ತಾತ ಅವನ್ನು ಮುಟ್ಟಲೇ ಇಲ್ಲ. ಬೀರುವಿನ ತಲೆಯಿಂದ ಕಬ್ಬಿಣದ ಪಟ್ಟಿಯನ್ನು ಎತ್ತಿ ಮೇಲಿನ ತೊಲೆಗೇ ಬಿಗಿದನು. ಮೊನ್ನೆ ಬೀರುವಿಗೆ ಅಡ್ಡ ಬಂದ ತೊಲೆಯೇ ಈಗ ಅದನ್ನು ಹಿಡಿದು ನಿಲ್ಲಿಸಿತು.

ಮಲಗಿದ ಬೀರು

ಮಿಕ್ಕದ್ದು 40 ಸೆಂಟಿಮೀಟರಿನ ಸಣ್ಣ ಬೀರು. ಹಿಂದಿರುಗಿಸಬಹುದಾಗಿತ್ತು, ಆದರೆ ಪೆಟ್ಟಿಗೆ ಹರಿದಾಗಿತ್ತು, ಸಾಗಿಸುವ ಖರ್ಚೂ ಸಣ್ಣದಾಗಿರಲಿಲ್ಲ. ಸೊಸೆ ಅದನ್ನು ಅಡ್ಡಡ್ಡ ಮಲಗಿಸಿ ನೋಡಿದಳು. “ತಾತಾ, ಪಡಸಾಲೆಗೆ ಕಟ್ಟೆಯಂಗೆ ಆಗಂಗಿಲ್ಲೇನು?” ಎಂದು ಕೇಳಿದಳು.

ಆಗದೇನು? ಒಳಗಿನ ಹಲಗೆಗಳು ಅಡ್ಡ ಮಲಗಿಸಿದಾಗ ನಿಂತ ಆಸರೆಗಳಾಗುತ್ತವೆ. ಅವು ಬರಿಯ ಗುಬ್ಬಿಗಳ ಮೇಲೆ ಕುಳಿತಿದ್ದುದರಿಂದ ತಾತ ಅವನ್ನು ತಿರುಪಿನಿಂದ ಭದ್ರಪಡಿಸಿದನು. ಕೂರುವ ಹಲಗೆಯ ಕೆಳಗೆ ಉದ್ದಕ್ಕೂ ಎರಡು ಬೇವಿನ ಪಟ್ಟಿ ಕೊಟ್ಟನು. ಕೆಳಗೆ ಬಂಡೆಯ ಪಟ್ಟಿ. ಒಳಗೆ ಮಗುವಿನ ಪುಸ್ತಕ, ಚಪ್ಪಲಿ, ಛತ್ರಿ. ಮೇಲೆ ಕುಳಿತುಕೊಳ್ಳುವ ಜಾಗ. ಕಾರ್ಖಾನೆಯವರು ಬೀರುವೆಂದು ಮಾಡಿದ್ದು ದರೋಜಿಯಲ್ಲಿ ಕಟ್ಟೆಯಾಯಿತು.

ಬಿಡಿಭಾಗಗಳ ಸಾಮಾನು ಬಂದಮೇಲೆ ಬಡಗಿಗೆ ಕೆಲಸವಿಲ್ಲವೆಂದು ಹೇಳುವವರುಂಟು. ಪೆಟ್ಟಿಗೆ ಮಾಡುವ ಕೆಲಸವನ್ನು ಕಾರ್ಖಾನೆ ಕಿತ್ತುಕೊಂಡಿತೆಂಬುದು ನಿಜ. ಅದು ಸಣ್ಣ ನಷ್ಟವೂ ಅಲ್ಲ. ಆದರೆ ಎಲ್ಲ ಮನೆಗೂ ಒಪ್ಪುವಂತೆ ಮಾಡಿದ ವಸ್ತು ಯಾವ ಹಳೆಯ ಮನೆಗೂ ಪೂರ್ತಿ ಒಪ್ಪುವುದಿಲ್ಲ. ಒಪ್ಪಿಸುವ ಕೈ ಅದೇ ಊರಿನದಾಗಿರಬೇಕು. ಬೀರುವಿನ ಬೆಲೆಯನ್ನು ಲೆಕ್ಕ ಹಾಕುವಾಗಲೇ ಆ ಕೈಯ ಎರಡು ದಿನದ ಕೂಲಿಯನ್ನೂ ಸೇರಿಸಿಕೊಂಡ ಸಂಸಾರ ಕೊನೆಗೆ ಉಳಿತಾಯವನ್ನೇ ಮಾಡುತ್ತದೆ. ಅಳೆಯುವ ದಿನವೇ ಅವನನ್ನು ಕರೆಸಿದ್ದರೆ ಇನ್ನೂ ಉತ್ತಮ. ನಾಲ್ಕನೆಯ ಬೀರುವನ್ನು ತರಿಸುವ ಪ್ರಮೇಯವೇ ಇರುತ್ತಿರಲಿಲ್ಲ.

ಕೆಲಸ ಮುಗಿದ ಸಂಜೆ ಅಜ್ಜಿ ನಡುಮನೆಗೆ ಬಂದಳು. ಎಡಕ್ಕೆ ಎರಡು, ಬಲಕ್ಕೆ ಒಂದು ನೆಟ್ಟಗೆ ನಿಂತ ಬೀರುಗಳು. ನಡುವೆ ಅವಳ ಓರೆ ಗೋಡೆ. ಬೀರುಗಳನ್ನು ಅವಳು ಹೊಗಳಲೂ ಇಲ್ಲ, ತೆಗಳಲೂ ಇಲ್ಲ. ಗೂಡಿನ ಒಳಕ್ಕೆ ಕೈಚಾಚಿ ದೀಪವನ್ನು ಒಂದು ಗೇಣು ಹಿಂದಕ್ಕೆ ಸರಿಸಿ ಹಚ್ಚಿದಳು. ಆಮೇಲೆ ಪಡಸಾಲೆಗೆ ಹೋಗಿ, ಮಲಗಿದ ಬೀರುವಿನ ಮೇಲೆ ಮೊದಲು ಕೈಯಿಂದ ಒತ್ತಿ ನೋಡಿ, ಅನಂತರ ಕುಳಿತಳು.

“ಮೊಮ್ಮಗಾ, ಚಾ ತಗೊಂಡು ಬಾ,” ಎಂದಳು. “ಬಡಿಗೇರಗೂ ಒಂದು ಲೋಟ.”